ಹಾಸು ಅದೇ, ಏಳುವ ಎಳೆ ಬೇರೆ

ನಾವು ಉಸಿರಾಡುವ ಧೂಳು, ಕುಡಿಯುವ ನೀರು, ಹೊಲಕ್ಕೆ ಹೊಡೆಯುವ ಎಣ್ಣೆ ನಮ್ಮ ಡಿಎನ್‌ಎಯ ಒಂದಕ್ಷರವನ್ನೂ ತಿದ್ದದೆ ಅದರ ಕೆಲಸವನ್ನು ಅದಲುಬದಲು ಮಾಡಬಲ್ಲವು. ಇಳಕಲ್ಲಿನ ಮಗ್ಗದಿಂದ ಸುರಪುರದ ತಾಂಡಾವರೆಗೆ, ಅಲ್ಲಿಂದ ಕಾಸರಗೋಡಿನ ಗೇರುತೋಟದವರೆಗೆ ಹರಡಿರುವ ಕಥೆ ಇದು.

ಕಾಕಾನ ಮಗ್ಗ ನಿಂತಿತ್ತು. ಇಳಕಲ್ಲಿನ ನಮ್ಮ ಓಣಿಯಲ್ಲಿ ಬೆಳಗಿನ ಎಂಟು ಗಂಟೆಗೆ ಮಗ್ಗದ ಸಪ್ಪಳ ಇಲ್ಲವೆಂದರೆ ಒಂದೋ ನೂಲು ತೀರಿರುತ್ತದೆ, ಇಲ್ಲವೇ ಮನೆಯಲ್ಲಿ ಯಾರಿಗೋ ಆರಾಮಿರುವುದಿಲ್ಲ. ಒಳಗೆ ಹೋಗಿ ನೋಡಿದರೆ ಕಾಕಾ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆಯ ದಡಿಯ ಮೇಲೆ ಬೆರಳಾಡಿಸುತ್ತಿದ್ದ. ಗೋಮಿ ದಡಿಯ ಚಿತ್ತಾರದಲ್ಲಿ ಒಂದು ಎಳೆ ಏಳಬೇಕಾದ ಕಡೆ ಎದ್ದಿರಲಿಲ್ಲ. ಎರಡು ಬೆರಳು ಮುಂದೆ ಮತ್ತೆ ಅದೇ ತಪ್ಪು. ಅದರ ಮುಂದೆಯೂ ಅದೇ.

‘ನೂಲು ಕೆಟ್ಟೈತೇನು ಕಾಕಾ?’ ಎಂದೆ.

‘ನೂಲಿಗೇನಾಗೈತಿ, ಬಂಗಾರದಂಥಾ ನೂಲು. ಮ್ಯಾಲ ನೋಡು’ ಎಂದ.

ಮಗ್ಗದ ಮೇಲೆ ಕೂರಿಸಿದ ಡಾಬಿಯ ಪಟ್ಟಿಯಿಂದ ಒಂದು ಸಣ್ಣ ಕಟ್ಟಿಗೆಯ ಮೊಳೆ ಉದುರಿಬಿದ್ದಿತ್ತು. ಕಡ್ಡಿಪೆಟ್ಟಿಗೆಯ ಕಡ್ಡಿಗಿಂತ ತುಸು ದಪ್ಪ, ಅಷ್ಟೇ. ‘ಮೊಳಿ ಇದ್ದಲ್ಲೆ ಎಳಿ ಏಳತೈತಿ, ಇಲ್ಲದಲ್ಲೆ ಮಲಗತೈತಿ. ಪಟ್ಟಿ ಒಂದು ಸುತ್ತು ತಿರಗಿ ಬಂದಾಗೊಮ್ಮೆ ಅದ ತಪ್ಪ ಬೀಳತೈತಿ’ ಎಂದು ವಿವರಿಸಿ, ನೆಲದ ಮೇಲೆ ಆ ಮೊಳೆಯನ್ನು ಹುಡುಕತೊಡಗಿದ.

ಕೆಲವು ವರ್ಷಗಳಿಂದ ನಾನು ಓದುತ್ತಿರುವ, ಆದರೆ ಊರವರಿಗೆ ಹೇಗೆ ಹೇಳಬೇಕೆಂದು ತಿಳಿಯದಿದ್ದ ಒಂದು ವಿಜ್ಞಾನ ಆ ಮುಂಜಾನೆ ಕಣ್ಣೆದುರು ಬಂದು ನಿಂತಿತು.

ಎಳೆ ಎಬ್ಬಿಸುವ ಮೊಳೆ

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಎಳೆ ಮಡಚಿಕೊಂಡು ಕೂತಿದೆ. ಅದರಲ್ಲಿ ಪ್ರೋಟೀನು ತಯಾರಿಸುವ ಜೀನುಗಳು ಸುಮಾರು 20,000. ಕಣ್ಣಿನ ಕೋಶದಲ್ಲಿರುವುದೂ, ಹೃದಯದ ಕೋಶದಲ್ಲಿರುವುದೂ, ಕಾಲಿನ ಹೆಬ್ಬೆರಳ ತುದಿಯಲ್ಲಿರುವುದೂ ಅದೇ ಡಿಎನ್‌ಎ. ಹಾಸು ಒಂದೇ. ಹಾಗಿದ್ದೂ ಕಣ್ಣು ಕಣ್ಣಾಗಿ, ಹೃದಯ ಹೃದಯವಾಗಿ ಇರುವುದು ಯಾವ ಕೋಶದಲ್ಲಿ ಯಾವ ಜೀನು ಏಳಬೇಕು, ಯಾವುದು ಮಲಗಿರಬೇಕು ಎಂಬ ಕಟ್ಟುನಿಟ್ಟಿನಿಂದ.

ಈ ಕಟ್ಟುನಿಟ್ಟನ್ನು ನಡೆಸುವ ಮೊಳೆಗಳಲ್ಲಿ ಮುಖ್ಯವಾದದ್ದು ಮೀಥೈಲ್ ಎಂಬ ಗುಂಪು. ಒಂದು ಇಂಗಾಲ, ಮೂರು ಜಲಜನಕ, ಇಷ್ಟೇ ಅದರ ಮೈ. ಮಗ್ಗದ ಮೊಳೆಗೆ ತಿರುಗುಮುರುಗಾಗಿ, ಜೀನಿನ ಆರಂಭದ ಭಾಗದಲ್ಲಿ ಇದು ಒತ್ತಾಗಿ ಅಂಟಿಕೊಂಡರೆ ಸಾಮಾನ್ಯವಾಗಿ ಆ ಜೀನು ಮಲಗುತ್ತದೆ, ಕಳಚಿದರೆ ಏಳಬಹುದು. ಇನ್ನೊಂದು ಏರ್ಪಾಟೂ ಇದೆ. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಹಾಗೆ ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನಿನ ಸುತ್ತ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾದರೆ ಅಲ್ಲಿನ ಜೀನನ್ನು ಓದಲು ಬರುವುದಿಲ್ಲ, ಸಡಿಲಾದರೆ ಬರುತ್ತದೆ. ಅಕ್ಷರ ಬದಲಾಗದೆ ಓದು ಬದಲಾಗುವ ಈ ವ್ಯವಸ್ಥೆಯ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. ಬ್ರಿಟನ್ನಿನ ಕಾನ್ರಾಡ್ ವಾಡಿಂಗ್ಟನ್ 1942ರಲ್ಲಿ ಆ ಪದವನ್ನು ಬಳಕೆಗೆ ತಂದರು.

ಕಾಕಾ ಹೇಳಿದ ಎರಡನೆಯ ಮಾತು ಇಲ್ಲಿ ಇನ್ನೂ ಮುಖ್ಯ. ಕೋಶ ಒಡೆದು ಎರಡಾಗುವಾಗ ಡಿಎನ್‌ಎ ಅಷ್ಟೇ ಅಲ್ಲ, ಅದರ ಮೇಲಿನ ಮೀಥೈಲ್ ಗುರುತುಗಳೂ ನಕಲಾಗುತ್ತವೆ. ಒಮ್ಮೆ ತಪ್ಪಾದ ಗುರುತು ಸುತ್ತು ಸುತ್ತಿಗೂ ಮತ್ತೆ ಬೀಳಬಹುದು. ಮಾಲಿನ್ಯ ನಿಂತು ವರ್ಷಗಳಾದ ಮೇಲೂ ರೋಗ ತಲೆಯೆತ್ತುವುದಕ್ಕೆ ಇದೊಂದು ಕಾರಣ ಇರಬಹುದೆಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ಈ ಗುರುತುಗಳು ಬಾಳಿನ ಜೊತೆ ಬದಲಾಗುತ್ತವೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಅವಳಿಗಳು. 2005ರಲ್ಲಿ ಸ್ಪೇನಿನ ಸಂಶೋಧಕರು ಒಂದೇ ಡಿಎನ್‌ಎ ಹೊತ್ತು ಹುಟ್ಟಿದ 40 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಸಣ್ಣ ವಯಸ್ಸಿನ ಅವಳಿಗಳಲ್ಲಿ ಗುರುತುಗಳು ಹೆಚ್ಚುಕಡಿಮೆ ಒಂದೇ. ವಯಸ್ಸಾದವರಲ್ಲಿ, ಅದರಲ್ಲೂ ಬೇರೆ ಬೇರೆ ಬಾಳು ಬಾಳಿದವರಲ್ಲಿ, ಅಂತರ ಎದ್ದು ಕಾಣುತ್ತಿತ್ತು. ಹುಟ್ಟುತ್ತ ಒಂದೇ ಆಗಿದ್ದ ಹಾಸನ್ನು ಅವರವರ ಬದುಕು ಬೇರೆ ಬೇರೆಯಾಗಿ ನೇಯ್ದಿತ್ತು.

ಮೂರು ದಿನದ ದುಡಿಮೆ

ಇಳಕಲ್ಲಿಗೆ ಎರಡು ಹೆಸರು. ಒಂದು ಸೀರೆಯದು, ಇನ್ನೊಂದು ಕಲ್ಲಿನದು. ಇಲ್ಲಿನ ಕೆಂಪು, ಗುಲಾಬಿ ಗ್ರಾನೈಟು ದೇಶ ದಾಟಿ ಹೋಗಿದೆ. ಕ್ವಾರಿಯ ಹತ್ತಿರ ನಿಂತರೆ ಕಂಪ್ರೆಸರಿನ ಸದ್ದಿಗೆ ಎದೆ ಅದುರುತ್ತದೆ. ಡ್ರಿಲ್ ಹಿಡಿದವನ ಕಾಲ ಬುಡದಿಂದ ಬಿಳಿ ಹೊಗೆಯಂಥದು ಏಳುತ್ತದೆ. ಅದು ಹೊಗೆಯಲ್ಲ, ಹಿಟ್ಟಿಗಿಂತ ನುಣ್ಣಗಾದ ಕಲ್ಲು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ದುಡಿಯುವವರ ಹುಬ್ಬು, ರೆಪ್ಪೆಗೂದಲು ಎಲ್ಲವೂ ಬೆಳ್ಳಗಾಗಿರುತ್ತವೆ. ಬಾಯಿಗೆ ಕಟ್ಟಿದ ಟವೆಲ್ ಬಿಚ್ಚಿ ಕೊಡವಿ, ಅದರಿಂದಲೇ ಮುಖ ಒರೆಸಿಕೊಂಡು, ರೊಟ್ಟಿ ಮುರಿಯುತ್ತಾರೆ.

ಗ್ರಾನೈಟಿನಲ್ಲಿ ಸ್ಫಟಿಕಶಿಲೆಯ ಪಾಲು ದೊಡ್ಡದು. ಅದರ ಸಿಲಿಕಾ ಧೂಳು ಪುಪ್ಪುಸದ ಆಳಕ್ಕೆ ಇಳಿದರೆ ಅಲ್ಲಿನ ಕಾವಲು ಕೋಶಗಳು ಅದನ್ನು ನುಂಗುತ್ತವೆ, ಅರಗಿಸಲಾಗದೆ ಸಾಯುತ್ತವೆ. ಸಾಯುವಾಗ ಉರಿಯೂತದ ಸಂಕೇತ ಕಳಿಸುತ್ತವೆ. ಆ ಸಂಕೇತ ಹತ್ತಿರದ ಕೋಶಗಳ ಜೀನುಗಳನ್ನು ಎಬ್ಬಿಸುತ್ತದೆ, ಗಾಯ ಮುಚ್ಚುವ ನಾರು ನೇಯಲು ಶುರುವಾಗುತ್ತದೆ. ಗಾಯ ಮಾಯುವುದಿಲ್ಲ, ಏಕೆಂದರೆ ಕಲ್ಲು ಒಳಗೇ ಇದೆ. ನಾರು ನೇಯುವುದೂ ನಿಲ್ಲುವುದಿಲ್ಲ. ಇದೇ ಸಿಲಿಕೋಸಿಸ್. ಇದಕ್ಕೆ ಗುಣವಿಲ್ಲ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು ನಮ್ಮದೇ ನಾಡಿನ ಕೋಲಾರ ಚಿನ್ನದ ಗಣಿಗಳಿಂದ, 1934ರಲ್ಲಿ. ಉಸಿರಿನ ಮೂಲಕ ಹೋಗುವ ಸಿಲಿಕಾ ಧೂಳು ಕ್ಯಾನ್ಸರ್ ತರುತ್ತದೆ ಎಂದು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 1997ರಲ್ಲೇ ಸಾರಿದೆ.

ದುಡಿಯುವ ಜಾಗದ ಧೂಳು ಎಷ್ಟು ಬೇಗ ಜೀನಿನ ಗುರುತಿಗೆ ಕೈ ಹಾಕುತ್ತದೆ? ಇಟಲಿಯ ಬ್ರೆಷಿಯಾ ಸಮೀಪದ ಉಕ್ಕಿನ ಕಾರ್ಖಾನೆಯ 63 ಕಾರ್ಮಿಕರ ರಕ್ತವನ್ನು ವಾರದ ಕೆಲಸ ಶುರುವಾಗುವ ಮೊದಲೊಮ್ಮೆ, ಮೂರು ದಿನ ದುಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದರು. ಉರಿಯೂತಕ್ಕೆ ಸಂಬಂಧಿಸಿದ ಒಂದು ಜೀನಿನ ಮೇಲಿನ ಮೀಥೈಲ್ ಗುರುತು ಮೂರೇ ದಿನದಲ್ಲಿ ಇಳಿದಿತ್ತು. 2009ರಲ್ಲಿ ಪ್ರಕಟವಾದ ಅಧ್ಯಯನ ಇದು. ಅದೇ ವರ್ಷ ಅಮೆರಿಕದ ಬಾಸ್ಟನ್ನಿನಲ್ಲಿ 718 ಹಿರಿಯರನ್ನು ನೋಡಿದಾಗ, ವಾಹನಗಳ ಹೊಗೆಯ ಕಣ ಗಾಳಿಯಲ್ಲಿ ಹೆಚ್ಚಾದ ದಿನಗಳ ಬೆನ್ನಲ್ಲೇ ಅವರ ರಕ್ತದ ಡಿಎನ್‌ಎಯಲ್ಲಿ ಇಂಥದೇ ಇಳಿಕೆ ಕಂಡಿತು.

ಉಕ್ಕಿನ ಧೂಳು ಬೇರೆ, ಗ್ರಾನೈಟಿನ ಧೂಳು ಬೇರೆ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಗೇ ಅಂಟಿಸಬಾರದು. ಆದರೆ ರೋಗದ ಲಕ್ಷಣ ಎಕ್ಸ್‌ರೇಯಲ್ಲಿ ಕಾಣಲು ವರ್ಷಗಳು ಬೇಕು, ಅಷ್ಟರವರೆಗೆ ಏನೂ ಆಗಿಲ್ಲ ಎಂದು ನಂಬಿಕೊಂಡಿದ್ದೆವಲ್ಲ, ಆ ನಂಬಿಕೆ ಇನ್ನು ನಿಲ್ಲುವುದಿಲ್ಲ. ಮೈಯೊಳಗೆ ಸೋಮವಾರದ ಧೂಳಿಗೆ ಗುರುವಾರದ ಹೊತ್ತಿಗೆ ಉತ್ತರ ಸಿದ್ಧವಾಗಿರುತ್ತದೆ.

ಒಲೆಯ ಮುಂದೆ

ಧೂಳು ಕ್ವಾರಿಯದಷ್ಟೇ ಅಲ್ಲ. ಇಳಕಲ್ಲಿನ ನೆರೆಯ ಹುನಗುಂದ ಎರೆಭೂಮಿಯ ಸೀಮೆ. ಹತ್ತಿ ಬಿಡಿಸಿಯಾದ ಮೇಲೆ ಹತ್ತಿ ಕಟಗಿಯನ್ನು ಕಿತ್ತು ಹಿತ್ತಲಲ್ಲಿ ಬಣವಿ ಹಚ್ಚುತ್ತಾರೆ. ವರ್ಷದ ಉರುವಲು ಅದು. ನಮ್ಮ ಮನೆಯಲ್ಲಿ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಚಹಾ, ಸಾರು ಅದರ ಮೇಲೆ. ರೊಟ್ಟಿ ಮಾತ್ರ ಇನ್ನೂ ಒಲೆಯ ಮೇಲೆ.

‘ಯವ್ವಾ, ಗ್ಯಾಸ್ ಐತಲ್ಲ’ ಎಂದರೆ, ‘ಗ್ಯಾಸಿನ ಮ್ಯಾಗ ರೊಟ್ಟಿ ಹಾಂಗ ಉಬ್ಬೂದಿಲ್ಲವಾ. ಮತ್ತ ಸಿಲಿಂಡರ್ ಎಷ್ಟ ದಿನ ಬರತೈತಿ?’ ಎಂದು ಅವ್ವ ಊದುಗೊಳವೆ ಎತ್ತಿಕೊಳ್ಳುತ್ತಾಳೆ. ಇಪ್ಪತ್ತು ರೊಟ್ಟಿ ಬಡಿದು ಏಳುವ ಹೊತ್ತಿಗೆ ಅವಳ ಕಣ್ಣು ಕೆಂಪು, ಗಂಟಲು ಕೆರೆತ, ಸೆರಗಿನ ತುಂಬ ಹೊಗೆಯ ವಾಸನೆ. ಉಜ್ವಲಾ ಯೋಜನೆ 2016ರ ಮೇ 1ರಂದು ಶುರುವಾಗಿ ಬಡವರ ಅಡುಗೆಮನೆಗೂ ಸಿಲಿಂಡರ್ ತಲುಪಿಸಿತು. ಅದನ್ನು ಮತ್ತೆ ತುಂಬಿಸುವ ಹಣ, ಬಿಸಿರೊಟ್ಟಿಯ ರುಚಿ, ಹಿತ್ತಲಲ್ಲಿ ಪುಕ್ಕಟೆ ಬಿದ್ದಿರುವ ಹತ್ತಿ ಕಟಗಿ, ಇವು ಮೂರೂ ಸೇರಿ ಒಲೆಯನ್ನು ಆರಗೊಟ್ಟಿಲ್ಲ. ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 32 ಲಕ್ಷ ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಲೆಕ್ಕ ಕೊಟ್ಟಿದೆ.

ಕಟ್ಟಿಗೆ, ಕಲ್ಲಿದ್ದಲು, ಡೀಸೆಲ್, ತಂಬಾಕು ಅರೆಬರೆ ಉರಿದಾಗ ಪಿಎಎಚ್ ಎಂಬ ಒಂದು ಜಾತಿಯ ರಾಸಾಯನಿಕಗಳು ಹುಟ್ಟುತ್ತವೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರೆಡೆರಿಕಾ ಪೆರೆರಾ ಅವರ ತಂಡ ಗರ್ಭಿಣಿಯರ ಬೆನ್ನಿಗೆ ಗಾಳಿ ಅಳೆಯುವ ಸಣ್ಣ ಯಂತ್ರವಿರುವ ಚೀಲ ಕೊಟ್ಟು, ಅವರು ಉಸಿರಾಡುವ ಗಾಳಿಯನ್ನೇ ಅಳೆಯಿತು. ಮಗು ಹುಟ್ಟಿದಾಗ ಹೊಕ್ಕುಳಬಳ್ಳಿಯ ರಕ್ತ ತೆಗೆದಿಟ್ಟಿತು. ತಾಯಿ ಹೆಚ್ಚು ಪಿಎಎಚ್ ಉಸಿರಾಡಿದ್ದ ಮಕ್ಕಳಲ್ಲಿ ಒಂದು ಜೀನಿನ ಮೀಥೈಲ್ ಗುರುತು ಬದಲಾಗಿತ್ತು. ಆ ಗುರುತಿಗೂ ಐದು ವರ್ಷದೊಳಗೆ ಮಕ್ಕಳಲ್ಲಿ ಕಂಡ ಅಸ್ತಮಾದ ಲಕ್ಷಣಕ್ಕೂ ನಂಟು ಕಂಡಿತು. 2009ರಲ್ಲಿ ಬಂದ ಈ ಅಧ್ಯಯನ ಚಿಕ್ಕದು, ಅದೊಂದರಿಂದಲೇ ತೀರ್ಪು ಕೊಡಲಾಗದು. ಆದರೂ ಮ್ಯಾನ್‌ಹಟನ್ನಿನ ಬೀದಿಯ ಗಾಳಿಯೇ ಹೊಕ್ಕುಳಬಳ್ಳಿಯವರೆಗೆ ತಲುಪುವುದಾದರೆ, ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಒಲೆಗೆ ಮುಖಕೊಟ್ಟು ಕೂತ ಬಸುರಿಯ ಗತಿಯೇನು ಎಂದು ನೆನೆದು ನನಗೆ ನಿದ್ದೆ ಬರಲಿಲ್ಲ.

ತಾಂಡಾದ ನೀರು

ಹುನಗುಂದದಿಂದ ಪೂರ್ವಕ್ಕೆ ಹೊರಟು, ಲಿಂಗಸುಗೂರು ದಾಟಿ, ತಿಂಥಣಿ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿದರೆ ಸುರಪುರದ ಸೀಮೆ. ಆ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಎಂಬ ಲಂಬಾಣಿಗರ ವಸತಿಯಿದೆ. ಹತ್ತಿರದಲ್ಲೇ ಹಿಂದೆ ಚಿನ್ನ ತೆಗೆದ ಮಂಗಳೂರು ಎಂಬ ಊರಿನ ಗಣಿ. ಕರಾವಳಿಯ ಮಂಗಳೂರಲ್ಲ, ಯಾದಗಿರಿ ಜಿಲ್ಲೆಯದು. ಚಿನ್ನವಿರುವ ಬಂಡೆಯಲ್ಲಿ ಬಹುಸಲ ಆರ್ಸೆನಿಕ್ ಇರುತ್ತದೆ. ನಮ್ಮ ಹಿರಿಯರು ಪಾಷಾಣ ಎಂದು ಹೆದರುತ್ತಿದ್ದ ವಿಷ ಇದೇ ಧಾತುವಿನದು.

ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ಈ ಸೀಮೆಯಲ್ಲಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆಬಾವಿಗಳಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಮಿತಿ ಮೀರಿತ್ತು. ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅತಿ ಹೆಚ್ಚು ಕಂಡ ನೀರಿನಲ್ಲಿ 303. ತಪಾಸಣೆಗೆ ಬಂದ 181 ಜನರಲ್ಲಿ ಶೇ 58.6ರಷ್ಟು ಮಂದಿಯ ಚರ್ಮದಲ್ಲಿ ಆರ್ಸೆನಿಕ್ಕಿನ ಗುರುತುಗಳಿದ್ದವು. ಅಂಗೈ, ಅಂಗಾಲು ದಪ್ಪಗಟ್ಟಿ ಗಂಟುಗಂಟಾಗುವುದು, ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಪ್ಪುಬಿಳಿ ಚುಕ್ಕೆ ಏಳುವುದು ಈ ರೋಗದ ಲಕ್ಷಣ. ರೋಗಕ್ಕೆ ಮೊದಲ ಕಾರಣ ಕೊಳವೆಬಾವಿಯ ನೀರು ಎಂದು ಸಂಶೋಧಕರು ಭಾವಿಸಿದರು. ವಸತಿಯ ಮಣ್ಣಿನಲ್ಲೂ ಆರ್ಸೆನಿಕ್ ಸಿಕ್ಕಿತ್ತು.

ಆರ್ಸೆನಿಕ್ ಜೀನಿನ ಗುರುತಿಗೆ ಹೇಗೆ ಅಡ್ಡ ಬರುತ್ತದೆ ಎಂಬುದು ಈ ಇಡೀ ವಿಜ್ಞಾನದಲ್ಲಿ ಮನಸ್ಸಿಗೆ ಬಲು ಬೇಗ ಹತ್ತುವ ಸಂಗತಿ. ದೇಹ ಆರ್ಸೆನಿಕ್ಕನ್ನು ಮೂತ್ರದಲ್ಲಿ ಹೊರಹಾಕಲು ಅದಕ್ಕೆ ಮೀಥೈಲ್ ಅಂಟಿಸಬೇಕು. ಡಿಎನ್‌ಎಗೆ ಅಂಟಿಸುವುದೂ ಮೀಥೈಲನ್ನೇ. ಎರಡಕ್ಕೂ ಮೀಥೈಲ್ ಒದಗಿಸುವ ಅಣು ಒಂದೇ, ಅದರ ಹೆಸರು ಸ್ಯಾಮ್. ಮನೆಯ ಹಗೇವು ಒಂದೇ ಇರುವಾಗ ದಿನವೂ ಬೇಡದ ನೆಂಟ ಬಂದು ಜೋಳ ಒಯ್ದರೆ ಮನೆಯ ಮಕ್ಕಳ ಗಂಗಾಳಕ್ಕೆ ಕೊರತೆ ಬೀಳುವುದಿಲ್ಲವೇ? ಆರ್ಸೆನಿಕ್ ಕುಡಿದವರ ದೇಹದಲ್ಲಿ ಹೀಗೂ ಆಗಬಹುದೆಂಬುದು ವಿಜ್ಞಾನಿಗಳ ಒಂದು ಮುಖ್ಯ ವಾದ. ಬಾಂಗ್ಲಾದೇಶದಲ್ಲಿ ನಡೆದ ಅಧ್ಯಯನಗಳು ಇಂಥ ನೀರು ಕುಡಿದವರ ರಕ್ತದ ಡಿಎನ್‌ಎ ಗುರುತುಗಳಲ್ಲಿ ವ್ಯತ್ಯಾಸ ಕಂಡಿವೆ.

ಹಗೇವಿಗೆ ಜೋಳ ತುಂಬುವ ದಾರಿಯೂ ಇದೆ. ಸ್ಯಾಮ್ ತಯಾರಾಗಲು ಫೋಲೇಟ್ ಎಂಬ ಜೀವಸತ್ವ ಬೇಕು. ಬಾಂಗ್ಲಾದೇಶದಲ್ಲಿ ಫೋಲೇಟ್ ಕೊರತೆಯಿದ್ದವರಿಗೆ 12 ವಾರ ಫೋಲಿಕ್ ಆಮ್ಲದ ಗುಳಿಗೆ ಕೊಟ್ಟಾಗ ಅವರ ರಕ್ತದ ಆರ್ಸೆನಿಕ್ ಇಳಿಯಿತು. ನಮ್ಮ ಊಟದ ಹೆಸರುಕಾಳು, ಮಡಿಕೆಕಾಳು, ಮೆಂತ್ಯೆಪಲ್ಯ, ರಾಜಗಿರಿ ಪಲ್ಯಗಳಲ್ಲಿ ಇರುವುದೂ ಅದೇ ಫೋಲೇಟ್. ರೊಟ್ಟಿಯ ಜೊತೆ ಕಾಳು, ಪಲ್ಯ ಇರಲೇಬೇಕೆಂದ ನಮ್ಮ ಅಜ್ಜಿಯರಿಗೆ ಇದಕ್ಕಾಗಿ ಕೈಮುಗಿಯಬೇಕು. ಆದರೆ ಪಲ್ಯ ತಿಂದು ಪಾಷಾಣ ಕುಡಿಯಿರಿ ಎಂದು ಯಾರಿಗೂ ಹೇಳಲಾಗದು. ಮೊದಲು ನೀರು ಬದಲಾಗಬೇಕು.

ನೀರು ಬದಲಾದ ಮೇಲೂ ಲೆಕ್ಕ ಮುಗಿಯುವುದಿಲ್ಲ ಎಂದು ಚಿಲಿ ದೇಶದ ಆಂಟೋಫಗಾಸ್ಟಾ ನಗರ ತೋರಿಸಿತು. 1958ರಿಂದ 1970ರವರೆಗೆ ಆ ನಗರದ ನಲ್ಲಿಯಲ್ಲಿ ಬಂದದ್ದು ವಿಪರೀತ ಆರ್ಸೆನಿಕ್ ಇದ್ದ ನದಿನೀರು. ಆಮೇಲೆ ಶುದ್ಧೀಕರಣ ಘಟಕ ಬಂತು. ಆ ವರ್ಷಗಳಲ್ಲಿ ಗರ್ಭದಲ್ಲಿದ್ದವರು, ಹಾಲು ಹಲ್ಲಿನ ಮಕ್ಕಳಾಗಿದ್ದವರು ಮುಂದೆ ಮೂವತ್ತು ನಲವತ್ತರ ಪ್ರಾಯದಲ್ಲಿ ಪುಪ್ಪುಸದ ರೋಗಗಳಿಂದ ಬೇರೆಡೆಯವರಿಗಿಂತ ಹಲವು ಪಟ್ಟು ಹೆಚ್ಚಾಗಿ ಸತ್ತರು. ಎಳವೆಯಲ್ಲಿ ಬಿದ್ದ ಪೆಟ್ಟನ್ನು ದೇಹ ಅಷ್ಟು ವರ್ಷ ಇಟ್ಟುಕೊಂಡಿತ್ತು.

ಆಕಾಶದಿಂದ ಬಿದ್ದ ಎಣ್ಣೆ

ನಮ್ಮ ಕಡೆ ರೈತರು ಕೀಟನಾಶಕ ಎನ್ನುವುದಿಲ್ಲ, ‘ಎಣ್ಣಿ ಹೊಡೀಬೇಕು’ ಎನ್ನುತ್ತಾರೆ. ಬಾಗಲಕೋಟೆ ಜಿಲ್ಲೆ ದಾಳಿಂಬೆಯ ಜಿಲ್ಲೆ. ದುಂಡಾಣು ಅಂಗಮಾರಿ ಬಂದರೆ ತೋಟವೇ ಹೋಗುತ್ತದೆಂಬ ಭಯಕ್ಕೆ ರೈತ ಮತ್ತೆ ಮತ್ತೆ ಎಣ್ಣೆ ಹೊಡೆಯುತ್ತಾನೆ. ಬೆನ್ನಿಗೆ ಪಂಪು, ಬರಿಗಾಲು, ಮೊಣಕೈವರೆಗೆ ಮಡಚಿದ ಅಂಗಿ. ಗಾಳಿ ತಿರುಗಿದಾಗ ಮುಖ ಒಂದು ಕಡೆ ಹೊರಳಿಸುವುದೇ ಅವನ ರಕ್ಷಣೆ.

ಡಬ್ಬಿಯ ಮೇಲಿನ ಬಣ್ಣ ನೋಡಿ ಹಲವರು ಧೈರ್ಯ ತಂದುಕೊಳ್ಳುತ್ತಾರೆ. ಕೆಂಪು ಇದ್ದರೆ ಉಗ್ರ ವಿಷ, ಹಸಿರಿದ್ದರೆ ಭಯವಿಲ್ಲ ಎಂಬ ಲೆಕ್ಕ. ಆ ಕೆಂಪು, ಹಳದಿ, ನೀಲಿ, ಹಸಿರು ಹೇಳುವುದು ಒಂದೇ ಸಂಗತಿ: ಮೈಗೆ ಹೋದ ಕೂಡಲೇ ಕೊಲ್ಲಲು ಎಷ್ಟು ಬೇಕು ಎಂದು. ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ಒಳಹೋದರೆ ಹಾರ್ಮೋನಿಗೆ ಏನಾಗುತ್ತದೆ, ಜೀನಿನ ಮೊಳೆಗೆ ಏನಾಗುತ್ತದೆ ಎಂಬುದನ್ನು ಆ ಬಣ್ಣ ಹೇಳುವುದಿಲ್ಲ.

ಅದನ್ನು ನಮಗೆ ಹೇಳಿದ್ದು ಕನ್ನಡಿಗರೂ ಬಾಳುವ ಕಾಸರಗೋಡಿನ ಎಣ್ಮಕಜೆ ಪಂಚಾಯಿತಿ, ಅಲ್ಲಿನ ಪಡ್ರೆ ಗ್ರಾಮ. ಅಲ್ಲಿನ ಗುಡ್ಡಗಳ ಗೇರುತೋಟಕ್ಕೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಎಪ್ಪತ್ತರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿತು. ಅದು ಗೇರುಮರದ ಮೇಲೆ ಬಿದ್ದ ಹಾಗೆಯೇ ತಗ್ಗಿನ ಸುರಂಗದ ನೀರಿಗೆ, ಮನೆಯಂಗಳಕ್ಕೆ, ಶಾಲೆಯ ದಾರಿಗೆ ಬಿತ್ತು. ಊರಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ಬಳಿ ಬರುವ ರೋಗಿಗಳ ಮನೆಗಳನ್ನು ಲೆಕ್ಕಹಾಕುತ್ತ ಅನುಮಾನಪಟ್ಟರು, ಪತ್ರಕರ್ತ ಶ್ರೀಪಡ್ರೆ ಜಗತ್ತಿಗೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಅಲ್ಲಿನ 117 ಶಾಲಾ ಹುಡುಗರನ್ನು ಸಿಂಪಡಣೆಯಿಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿತು. ಸಿಂಪಡಣೆಯ ಊರಿನ ಹುಡುಗರಲ್ಲಿ ಪ್ರಾಯದ ಬೆಳವಣಿಗೆ ಹಿಂದೆ ಬಿದ್ದಿತ್ತು, ಗಂಡು ಹಾರ್ಮೋನು ಕಡಿಮೆಯಿತ್ತು. 2003ರಲ್ಲಿ ಇದು ಪ್ರಕಟವಾಯಿತು. ದಕ್ಷಿಣ ಕನ್ನಡದ ಕೊಕ್ಕಡ ಸುತ್ತಲಿನ ಗೇರುತೋಟದ ಊರುಗಳದೂ ಇದೇ ನೋವು. ಕಡೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಯಿತು.

ಹಾರ್ಮೋನಿಗೂ ಜೀನಿಗೂ ಏನು ಸಂಬಂಧ ಎಂದು ಕೇಳಬಹುದು. ಈಸ್ಟ್ರೋಜನ್, ಟೆಸ್ಟೋಸ್ಟಿರಾನ್‌ಗಳಂಥ ಹಾರ್ಮೋನುಗಳು ಕೋಶದೊಳಗಿನ ಗ್ರಾಹಿಯೊಂದನ್ನು ಸೇರಿ, ಅದರ ಜೊತೆಗೂಡಿ ನೇರವಾಗಿ ಡಿಎನ್‌ಎ ಮೇಲೆ ಕೂತು ಜೀನುಗಳನ್ನು ಎಬ್ಬಿಸುತ್ತವೆ, ಮಲಗಿಸುತ್ತವೆ. ಎಂಡೋಸಲ್ಫಾನ್ ಪ್ರಯೋಗಾಲಯದಲ್ಲಿ ಸ್ತ್ರೀ ಹಾರ್ಮೋನಿನ ವೇಷ ಹಾಕಿದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ. ಮೊಳೆ ಉದುರಿಸಬೇಕಾಗಿಲ್ಲ, ನೇಕಾರನ ವೇಷ ಹಾಕಿ ಮಗ್ಗದ ಮುಂದೆ ಬೇರೊಬ್ಬ ಕೂತರೂ ಸೀರೆ ಕೆಡುತ್ತದೆ.

ಮರಿಮಕ್ಕಳವರೆಗೆ?

ಈ ಗುರುತು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೋಗುತ್ತದೆಯೇ ಎಂಬ ಪ್ರಶ್ನೆ ಎಲ್ಲರನ್ನೂ ಕಾಡುತ್ತದೆ. ಇಲ್ಲಿ ಅವಸರದ ಮಾತು ಬೇಡ.

ಬಸುರಿಯೊಬ್ಬಳು ವಿಷದ ಗಾಳಿ ಉಸಿರಾಡಿದರೆ ಅದು ಒಮ್ಮೆಗೇ ಮೂರು ತಲೆಮಾರಿಗೆ ತಾಗುತ್ತದೆ. ಅವಳಿಗೆ, ಹೊಟ್ಟೆಯ ಕೂಸಿಗೆ, ಆ ಕೂಸಿನೊಳಗೆ ಆಗಲೇ ರೂಪುಗೊಳ್ಳುತ್ತಿರುವ ಅಂಡಾಣು ಅಥವಾ ವೀರ್ಯಾಣುವಿನ ಮೂಲಕೋಶಗಳಿಗೆ. ಹೆಣ್ಣುಕೂಸು ಹುಟ್ಟುವ ಮೊದಲೇ ಅದರ ಅಂಡಾಶಯದಲ್ಲಿ ಮುಂದಿನ ತಲೆಮಾರಿನ ಅಂಡಾಣುಗಳು ಸಿದ್ಧವಿರುತ್ತವೆ. ಹಾಗಾಗಿ ನಿಜವಾಗಿ ಬಳುವಳಿಯಾಗಿ ಬಂದಿದೆ ಎನ್ನಲು ನಾಲ್ಕನೆಯ ತಲೆಮಾರನ್ನು, ಮರಿಮಕ್ಕಳನ್ನು ನೋಡಬೇಕು.

ಇಲಿಗಳಲ್ಲಿ ಅದನ್ನು ನೋಡಿದ್ದಾರೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಿನ್ನರ್ ತಂಡ 2005ರಲ್ಲಿ ಬಸುರಿ ಇಲಿಗಳಿಗೆ ವಿನ್‌ಕ್ಲೊಜೊಲಿನ್ ಎಂಬ ಶಿಲೀಂಧ್ರನಾಶಕ ಕೊಟ್ಟು, ವೀರ್ಯದ ದೋಷ ನಾಲ್ಕು ತಲೆಮಾರಿನವರೆಗೆ ಹೋದದ್ದನ್ನು ತೋರಿಸಿತು. ಆದರೆ ಕೊಟ್ಟ ಪ್ರಮಾಣ ದೊಡ್ಡದು, ಮರುಪ್ರಯೋಗ ಮಾಡಿದ ಎಲ್ಲರಿಗೂ ಅದೇ ಫಲ ಸಿಗಲಿಲ್ಲ. ಮನುಷ್ಯರಲ್ಲಿ ನಮಗೆ ಸಿಕ್ಕಿರುವ ಗಟ್ಟಿ ಸಾಕ್ಷಿ ಗರ್ಭದಲ್ಲಿದ್ದ ಕೂಸಿನವರೆಗೆ. 1944-45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಬಿದ್ದ ಬರಗಾಲದ ಹೊತ್ತಿಗೆ ಗರ್ಭದಲ್ಲಿ ಆಗಷ್ಟೇ ಮೂಡಿದ್ದವರನ್ನು ಆರು ದಶಕಗಳ ನಂತರ ಪರೀಕ್ಷಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನಿನ ಗುರುತು ಅವರ ಒಡಹುಟ್ಟಿದವರಿಗಿಂತ ಕಡಿಮೆಯಿತ್ತು. 2008ರ ಈ ವರದಿ ಓದುವಾಗ ಡೋಗಿ ಬರದ ಕಥೆ ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಮೈ ಜುಮ್ಮೆನ್ನುತ್ತದೆ.

ಭರವಸೆಯ ಮಾತೂ ಪ್ರಕೃತಿಯಲ್ಲೇ ಇದೆ. ಭ್ರೂಣ ಕಟ್ಟುವ ಮೊದಲ ದಿನಗಳಲ್ಲೊಮ್ಮೆ, ಅಂಡಾಣು, ವೀರ್ಯಾಣುಗಳ ಮೂಲಕೋಶ ರೂಪುಗೊಳ್ಳುವಾಗ ಇನ್ನೊಮ್ಮೆ, ಹಳೆಯ ಗುರುತುಗಳಲ್ಲಿ ಹೆಚ್ಚಿನವು ಅಳಿಸಿಹೋಗಿ ಹೊಸದಾಗಿ ಬೀಳುತ್ತವೆ. ಡಾಬಿಯ ಮೊಳೆಗಳನ್ನೆಲ್ಲ ಕಿತ್ತು ಮತ್ತೆ ಕೂರಿಸುವ ಏರ್ಪಾಟು ಅದು. ಆದ್ದರಿಂದ ‘ಅವರ ವಂಶವೇ ಹಾಗೆ’ ಎಂದು ಒಂದು ತಾಂಡಾದ ಮೇಲೆ, ಒಂದು ಓಣಿಯ ಮೇಲೆ ಹಣೆಪಟ್ಟಿ ಹಚ್ಚುವುದಕ್ಕೆ ಈ ವಿಜ್ಞಾನದಲ್ಲಿ ಆಧಾರವಿಲ್ಲ. ತಾಯಿಯನ್ನು ದೂರುವುದಕ್ಕಂತೂ ಇಲ್ಲವೇ ಇಲ್ಲ. ಒಲೆ ಹಚ್ಚಿದವಳು ಅವಳಾದರೂ, ಕಿಟಕಿಯಿಲ್ಲದ ಕೋಣೆಯನ್ನೂ ತುಂಬಿಸಲಾಗದ ಸಿಲಿಂಡರನ್ನೂ ಅವಳು ಆರಿಸಿಕೊಂಡದ್ದಲ್ಲ.

ಮೊಳೆ ಕೂರಿಸುವ ಕೆಲಸ

ಬಿದ್ದ ಗುರುತು ಬದಲಾಗಬಲ್ಲದು ಎಂಬುದಕ್ಕೆ ಸಿಗರೇಟು ಸಾಕ್ಷಿ. ಸೇದುವವರ ರಕ್ತದಲ್ಲಿ ಎಎಚ್‌ಆರ್‌ಆರ್ ಎಂಬ ಜೀನಿನ ಮೀಥೈಲ್ ಗುರುತು ಎಷ್ಟು ಸ್ಪಷ್ಟವಾಗಿ ಇಳಿಯುತ್ತದೆಂದರೆ ಅದೊಂದನ್ನು ನೋಡಿ ಸೇದುವವರಾರು ಎಂದು ಬಹುಮಟ್ಟಿಗೆ ಹೇಳಬಹುದು. ಬಿಟ್ಟವರಲ್ಲಿ ಅದು ವರ್ಷದಿಂದ ವರ್ಷಕ್ಕೆ ಮೊದಲಿನ ಸ್ಥಿತಿಯತ್ತ ಮರಳುತ್ತದೆ. ನಿಧಾನವಾಗಿ, ಎಲ್ಲ ಗುರುತುಗಳೂ ಅಲ್ಲ, ಆದರೆ ಮರಳುತ್ತದೆ.

ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತ ಮಾತು ಇದು. ಜೀನು ಹಣೆಬರಹ ಎಂದು ನಂಬಿದ್ದ ಕಾಲದಲ್ಲಿ ರೋಗಕ್ಕೆ ಯಾರೂ ಹೊಣೆಯಲ್ಲ, ಎಲ್ಲವೂ ರಕ್ತದಲ್ಲಿ ಬಂದದ್ದು ಎಂದು ಕೈತೊಳೆದುಕೊಳ್ಳಬಹುದಿತ್ತು. ಗಾಳಿ, ನೀರು, ದುಡಿಮೆಯ ಜಾಗ ಜೀನಿನ ಮೊಳೆಯನ್ನು ಅಲುಗಿಸುತ್ತವೆ ಎಂದ ಮೇಲೆ ಆ ಗಾಳಿಗೂ ನೀರಿಗೂ ಹೊಣೆ ಹೊರುವವರು ಬೇಕು. ಡ್ರಿಲ್ಲಿನ ತುದಿಗೆ ನೀರು ಹಾಯಿಸಿದರೆ ಧೂಳು ಏಳುವ ಮೊದಲೇ ಕೆಸರಾಗಿ ಕೂರುತ್ತದೆ. ಇದು ಹೊಸ ತಂತ್ರವಲ್ಲ, ಗಣಿಗಳು ಬಹುಕಾಲದಿಂದ ಬಲ್ಲದ್ದು. ಸಿಲಿಕೋಸಿಸ್ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಎಂದು 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿತ್ತು. ಅದನ್ನು ಕ್ಷಯ ಎಂದು ಬರೆದು ಕಳಿಸಿದರೆ ಧೂಳಿನ ಲೆಕ್ಕ ಕಾಗದದಿಂದಲೇ ಮಾಯವಾಗುತ್ತದೆ. ಜಲಜೀವನ ಮಿಷನ್ ಊರಿಗೆ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕೆಂದಿದೆ. ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ಬಾಗಲಕೋಟೆ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದ ಜಿಲ್ಲೆ. ಆ ಐವರ ಕೈಗೆ ಪೆಟ್ಟಿಗೆ ಬಂದಿದೆಯೇ, ಪಂಚಾಯಿತಿಯ ಗೋಡೆಯ ಮೇಲೆ ಬೋರ್‌ವೆಲ್ಲಿನ ಫಲಿತಾಂಶ ಬರೆದಿದ್ದಾರೆಯೇ ಎಂದು ನಾವು ಕೇಳಬೇಕು. ಎಣ್ಣೆ ಹೊಡೆಯುವವನಿಗೆ ಡಬ್ಬಿಯ ಬಣ್ಣದ ಆಚೆಗಿನ ಸತ್ಯ ಹೇಳುವ ಕೆಲಸಕ್ಕೆ 2008ರಿಂದ ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಅದಕ್ಕಿಂತ ಹತ್ತಿರದ ನೆರವು ನಮ್ಮ ರೈತನಿಗೆ ಇನ್ನಾವುದು?

ಮನೆಯ ಮಟ್ಟಿಗೆ ನಾನು ಮಾಡಿದ್ದು ಇಷ್ಟು. ಒಲೆಯ ಮೇಲಿನ ಗೋಡೆ ಒಡೆಸಿ ಗವಾಕ್ಷಿ ಮಾಡಿಸಿದೆ. ತಮ್ಮನ ಹೆಂಡತಿ ಈಗ ಐದು ತಿಂಗಳ ಬಸುರಿ. ಅವಳನ್ನು ಒಲೆಯ ಮುಂದೆ ಕೂರಿಸುವುದಿಲ್ಲ ಎಂದು ಅವ್ವ ತಾನಾಗಿಯೇ ಹೇಳಿದಳು. ತಾನು ಮಾತ್ರ ಎದ್ದಿಲ್ಲ. ದಿನಾ ಮುಂಜಾನೆ ಆ ವಾದ ನಡೆದೇ ಇದೆ.

ಕಾಕಾಗೆ ಆ ದಿನ ಮೊಳೆ ಸಿಕ್ಕಲಿಲ್ಲ. ಬಿದಿರಿನ ಚೂರೊಂದನ್ನು ಕೆತ್ತಿ ಹೊಸದು ಮಾಡಿ ಡಾಬಿಗೆ ಕೂರಿಸಿ, ಬೆರಳಿನಿಂದ ಒತ್ತಿ ಗಟ್ಟಿಯಾಗಿದೆಯೇ ನೋಡಿದ. ಆಮೇಲೆ ತಪ್ಪಾದಲ್ಲಿಯವರೆಗೆ ಹೊಕ್ಕನ್ನು ಒಂದೊಂದಾಗಿ ಬಿಚ್ಚತೊಡಗಿದ. ಗೇಣುದ್ದ ಬಿಚ್ಚಲು ಮಧ್ಯಾಹ್ನವಾಯಿತು.

‘ಮೊದಲ ಬಿಚ್ಚಿ ಆಮ್ಯಾಲ ಮೊಳಿ ಹಚ್ಚಿದ್ರ ಆಗತಿದ್ದಿಲ್ಲೇನು?’ ಎಂದು ಕೇಳಿದೆ.

‘ಮೊಳಿ ಹಚ್ಚಲಾರದ ಎಷ್ಟ ಬಿಚ್ಚಿ ನೇದರೂ ಅದ ತಪ್ಪ ಬರತೈತಿ’ ಎಂದು ಲಾಳಿ ಎತ್ತಿಕೊಂಡ.